ಅಮೀನ ಬಂದಿಲ್ಲ

ಲಟಕ್, ಮತ್ತೆ ಲಟಕ್, ಹಿಂದಿನ ಬೆಂಚಿನಲ್ಲಿ ಇವನು ಬೆರಳ ನೆಟಿಕೆ ಮುರಿಯುತ್ತಿದ್ದಾನೆ, ತಿರುಗಿ ನೋಡಬೇಕಿಲ್ಲ, ಆ ಸದ್ದು ನನ್ನ ಬೆನ್ನಿಗೇ ಗೊತ್ತು, ಹೊಡೆಯುವ ಮುಂಚೆಯೂ ಹೀಗೇ, ಹೊಡೆದ ಮೇಲೂ ಹೀಗೇ — ಬಳ್ಳಾರಿ ಕೋರ್ಟಿನ ಕಟಕಟೆಯಲ್ಲಿ ನಿಂತವಳು ನಾನು, ಆಣೆ ಮಾಡಿದವಳು ನಾನು, ಗಂಡ ಎರ್ರಿಸ್ವಾಮಿ ಮಾತ್ರ ಯಾರದೋ ಮದುವೆಗೆ ಬಂದವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದಾನೆ. ಮನೆ ನನ್ನ ಹೆಸರಿನಲ್ಲಿದೆ, ಕುರುಗೋಡಿನಲ್ಲಿ, ಗುಡ್ಡದ ಕೆಳಗೆ, ಜೀನ್ಸ್ ಪ್ಯಾಂಟಿನ ಜೇಬು ಹೊಲಿದು ಹೊಲಿದು ಕಟ್ಟಿಸಿದ್ದು, ಉಗುರಿನ ನೀಲಿ ಇನ್ನೂ ಹೋಗಿಲ್ಲ, ಅದನ್ನು ಫೈನಾನ್ಸಿಗೆ ಅಡವಿಡಿಸಿದವನು ಇವನು, ರುಜು ಹಾಕು ಅಂದ, ಹಾಕಿದೆ, ಹಾಕದಿದ್ದರೆ ಅವತ್ತೂ ನೆಟಿಕೆ ಮುರಿಯುತ್ತಿದ್ದ. ಕಂತು ನಿಂತಿತು, ಫೈನಾನ್ಸಿನವರು ದಾವೆ ಹಾಕಿದರು, ನಾವು ಕೋರ್ಟಿನ ಕಡೆ ತಲೆ ಹಾಕಲಿಲ್ಲ, ನಮ್ಮನ್ನು ಕೇಳದೆಯೇ ತೀರ್ಪಾಗಿ ಈಗ ಮನೆ ಹರಾಜಿಗೆ ಬಂದಿದೆ. ವಕೀಲೆ ವಿಜಯಲಕ್ಷ್ಮಿ ಮೇಡಂ ತಲೆ ಚಚ್ಚಿಕೊಂಡರು, ಅರುಣಮ್ಮ, ಸಮನ್ಸ್ ಬಂದ್ರ ತಗಂಡು ಸೀದಾ ವಕೀಲರ ಹತ್ರ ಬರಬೇಕ್ರಿ, ತಕರಾರು ಹಾಕ್ತಿದ್ವಿ, ಕಟ್ಟಿದ್ದಕ್ಕ ರಸೀದಿ ತೋರಸ್ತಿದ್ವಿ, ಟೈಮ್ ಕೇಳ್ತಿದ್ವಿ, ಈಗ ಒಂದೇ ದಾರಿ ಐತಿ, ಸಮನ್ಸ್ ನಿಮಗ ಬಂದೇ ಇಲ್ಲ ಅಂದ್ರ ಕೇಸು ಮತ್ತ ತೆರೀತಾರ, ಖರೇ ಹೇಳ್ರಿ, ಬಂದಿತ್ತೋ ಇಲ್ಲೋ — ನಾನು ಬಾಯಿ ತೆರೆಯುವಷ್ಟರಲ್ಲಿ ಇವನೇ, ಇಲ್ರೀ ಮೇಡಂ, ಯಾವ ನಾಯಿನೂ ಬಂದಿಲ್ಲ ನಮ್ಮ ಮನಿಗೆ.

ಆ ನಾಯಿ ಎದುರಿಗೇ ನಿಂತಿದ್ದಾನೆ, ಕೋರ್ಟಿನ ಅಮೀನ ಸುಂಕಣ್ಣ, ಸಮನ್ಸ್ ಹಂಚುವವನು, ನನ್ನ ತವರು ಸಿರಿಗೇರಿಯವನು, ಬಾಯಿ ಬಿಗಿದುಕೊಂಡೇ ಇದ್ದಾನೆ, ಅವತ್ತು ಬಾಗಿಲಲ್ಲಿ ನಿಂತು ಎಷ್ಟು ಮೆತ್ತಗೆ ಹೇಳಿದ್ದ, ತಂಗೀ, ಸಮನ್ಸ್ ಐತವ್ವ, ತಗಂಡು ಸೈ ಮಾಡು, ಕೈ ಚಾಚಿದ್ದೆ, ನಿಜವಾಗಿಯೂ ಚಾಚಿದ್ದೆ, ಹಿಂದಿನಿಂದ ಇವನು, ಮುಟ್ಟಬ್ಯಾಡಲೇ, ತಗಂಡ್ರ ಕೇಸು ಹತ್ತತೈತಿ, ಎನ್ನುತ್ತ ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಸಲಾಕೆ ಎತ್ತಿ ಬೀಸಿದ, ಬಾಯಿಗೇ ಬಿತ್ತು, ಹಸಿ ಕಟ್ಟಿಗೆ ಮುರಿದಂಥ ಸದ್ದು, ರಕ್ತ ನನ್ನ ಸೀರೆಗೂ ಸಿಡಿಯಿತು, ಅರಿಶಿಣ ಹಚ್ಚಿದ ಹೊಸ್ತಿಲ ಮೇಲೆ ಒಂದು ಹಲ್ಲು, ಬೇರು ಸಮೇತ. ಸುಂಕಣ್ಣನ ಕಾಲು ಹಿಡಿದುಕೊಂಡೆ, ಅಣ್ಣಾ, ಪೊಲೀಸರಿಗೆ ಹೇಳಬ್ಯಾಡ, ಅವನು ಟವೆಲ್ಲನ್ನು ಬಾಯಿಗೊತ್ತಿ, ನಿನ್ನ ಮುಖ ನೋಡಿ ಬಿಟ್ಟೀನವ್ವ, ಅಂದ, ಸಮನ್ಸ್ ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದಷ್ಟೇ ಕೋರ್ಟಿಗೆ ಬರೆದುಕೊಟ್ಟ, ಏಟಿನ ಮಾತೇ ಇಲ್ಲ. ಈಗ ನಾನು ಸುಂಕಣ್ಣ ಬಂದೇ ಇಲ್ಲ ಎಂದರೆ ಮನೆ ಉಳಿದೀತು, ಸುಳ್ಳು ಬರೆದನೆಂದು ಅವನ ನೌಕರಿ ಹೋದೀತು, ಹೋಗಲಿ, ಹಲ್ಲು ಹೋದಾಗಲೂ ಸುಮ್ಮನಿದ್ದವನು — ಥೂ, ಎಂಥ ಯೋಚನೆ ನನ್ನದು, ಆ ಇಸ್ತ್ರಿ ಅಂಗಿಯವನ ಕುತ್ತಿಗೆಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಾಕಬೇಕು, ಮನಸ್ಸಿನಲ್ಲಿ ಎಷ್ಟು ಸಲ ಹಾಕಿದ್ದೇನೆ, ಪ್ರತಿ ಸಲವೂ ಅವನು ಎದ್ದು ಕೂತು ಅನ್ನ ಬಡಿಸು ಅನ್ನುತ್ತಾನೆ. ಜಡ್ಜ್ ಕೇಳುತ್ತಿದ್ದಾರೆ, ಏನಮ್ಮಾ, ಈ ಅಮೀನರು ಸಮನ್ಸ್ ತಂದಿದ್ದರಾ, ಮೇಡಂ ನನ್ನನ್ನೇ ನೋಡುತ್ತಿದ್ದಾರೆ, ಮನೆ, ನನ್ನ ಮನೆ, ಒಂದೊಂದು ಇಟ್ಟಿಗೆಗೂ ನನ್ನ ಕಣ್ಣು ಸವೆದಿದೆ, ಬೇರೆ ಯಾವಳೋ ಅಲ್ಲಿ ಒಲೆ ಹಚ್ಚುವುದೇ, ಇಲ್ಲ ಸ್ವಾಮಿ, ಅಮೀನ ಬಂದಿಲ್ಲ. ಹೇಳಿದ್ದು ನಾನೇ, ದನಿ ನಡುಗಲೂ ಇಲ್ಲ, ಸುಂಕಣ್ಣ ನನ್ನತ್ತ ತಿರುಗಿದ, ತಂಗೀ, ಅಂದ, ಬಾಯಿ ತೆರೆದೇ ಉಳಿಯಿತು, ಮುಂದಿನ ಹಲ್ಲಿದ್ದ ಜಾಗದ ಆ ಕಪ್ಪು ಸಂದು ನನಗೊಬ್ಬಳಿಗೇ ಕಾಣುತ್ತಿದೆಯೋ ಎಲ್ಲರಿಗೂ ಕಾಣುತ್ತಿದೆಯೋ, ನೋಡಬಾರದು, ಮನೆ ಉಳಿಯುತ್ತದೆ, ನಾಳೆ ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆಯಬೇಕು, ಅರಿಶಿಣ ಹಚ್ಚಬೇಕು, ತೊಳೆಯುತ್ತೇನೆ, ಹಲ್ಲು, ಹಚ್ಚುತ್ತೇನೆ, ಅರಿಶಿಣದ ಮೇಲೆ ಹಲ್ಲು, ಬೇರು ಸಮೇತ, ತೊಳೆಯುತ್ತೇನೆ, ಹಲ್ಲು