ಕಣ್ಣಾರೆ ಕಂಡವರು

ತಟ್ಟೆಗಳು ಬರುವ ಮೊದಲೇ ಗಂಗಾಧರ ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮೇಜನ್ನು ಬೆರಳಿನಿಂದ ಉಜ್ಜಿದ. ಏನೂ ಅಂಟಲಿಲ್ಲ. ಅದಕ್ಕೂ ಅವನಿಗೆ ಅನುಮಾನವಾಯಿತು.

"ಅಪ್ಪ, ಊಟಕ್ಕೆ ಬಂದಿದೀವಿ, ಕೊಬ್ಬರಿ ಆರಿಸೋಕಲ್ಲ," ಎಂದಳು ಮಗಳು ಯೋಗಿತಾ.

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಗಂಗಾಧರನ ಮನೆಯಲ್ಲಿ ಮೊಟ್ಟೆಯೂ ಬೇಯುತ್ತಿರಲಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಕೇಳಿದ್ದು ಕೊಡಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದ. ಅವಳು ಕೇಳಿದ್ದು ಮೊಬೈಲಲ್ಲ, ಬಟ್ಟೆಯಲ್ಲ; ಬೀಜದಂಗಡಿಯ ಮಹಡಿಯ ಮೇಲೆ ಹೊಸದಾಗಿ ಶುರುವಾಗಿದ್ದ ಕೊರಿಯನ್ ಹೋಟೆಲಿನ ಊಟ. ಬೆಂಗಳೂರಿನ ಕೊರಿಯನ್ ಹೋಟೆಲೊಂದರಲ್ಲಿ ಅಡುಗೆ ಕಲಿತು ಊರಿಗೆ ಮರಳಿದ್ದ ರುಹಿ ಎಂಬ ಹುಡುಗಿ ಅದನ್ನು ನಡೆಸುತ್ತಿದ್ದಳು. ಭಾನುವಾರದ ಮಧ್ಯಾಹ್ನವಾದರೂ ಇವರನ್ನು ಬಿಟ್ಟರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನೋಡ್ದೇನೇ? ಜನ ಸುಮ್‌ಸುಮ್ನೆ ದೂರ ಇರ್ತಾರಾ?" ಎಂದು ಅವನು ಹೆಂಡತಿ ಶಿಲ್ಪಳ ಕಿವಿಯಲ್ಲಿ ಹೇಳಿದ.

ರುಹಿ ತಟ್ಟೆಗಳನ್ನು ತಂದಿಟ್ಟಳು. ಕೆಂಪು ಗೊಜ್ಜಿನಲ್ಲಿ ಬೆಂದ ಅಕ್ಕಿ ಕಡುಬಿನ ತುಂಡುಗಳು, ಕಪ್ಪು ಹಾಳೆಯಲ್ಲಿ ಸುತ್ತಿ ಕೊಯ್ದ ಅನ್ನದ ಬಿಲ್ಲೆಗಳು, ಹುಳಿ ಬಂದ ಎಲೆಕೋಸು.

"ಇದೇನಮ್ಮಾ ಕರ್ರಗೆ?"

"ಸಮುದ್ರದ ಪಾಚಿ ಸಾರ್. ಒಂಥರಾ ಸೊಪ್ಪಿದ್ದಂಗೆ."

"ಸಮುದ್ರದ್ದು ಅಂದ್ಮೇಲೆ ಮೀನಿನ ಸಂಗಡಾನೇ ಬೆಳ್ದಿರ್ತದೆ."

"ಉಪ್ಪೂ ಅಲ್ಲಿಂದಾನೇ ಬರೋದು ಕಣ್ರೀ," ಎಂದು ಶಿಲ್ಪ ಒಂದು ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡಳು.

ಎಲೆಕೋಸಿನ ಬಟ್ಟಲನ್ನು ತೋರಿಸಿ ರುಹಿ ತಾನಾಗಿಯೇ ಹೇಳಿದಳು: "ಕೊರಿಯಾದೋರು ಇದಕ್ಕೆ ಮೀನಿನ ರಸ ಹಾಕ್ತಾರೆ. ನಾನು ಹಾಕಲ್ಲ."

ಗಂಗಾಧರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಹಾಕಲ್ಲ ಅಂತ ನಾವು ಹೆಂಗೆ ನಂಬೋದು? ಅಡುಗೆಮನೆ ನೋಡ್ಬೇಕು."

ಯೋಗಿತಾ ನಾಚಿಕೆಯಿಂದ ತಲೆ ತಗ್ಗಿಸಿದಳು. ರುಹಿ ಮಾತ್ರ ಪರದೆ ಸರಿಸಿ, "ಬನ್ನಿ," ಎಂದಳು.

ಒಳಗೆ ಆ ಗೋಡೆಗೊಂದು, ಈ ಗೋಡೆಗೊಂದು ಒಲೆ. ಕೋಳಿಯ ಪಾತ್ರೆಗಳೇ ಬೇರೆ, ತರಕಾರಿಯವೇ ಬೇರೆ. ಗಂಗಾಧರ ಡಬ್ಬಗಳ ಮುಚ್ಚಳ ತೆಗೆದು ಮೂಸಿದ, ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದ. ಎಳ್ಳೆಣ್ಣೆಯೇ. ಮೂಲೆಯಲ್ಲಿ ರುಹಿಯ ತಾಯಿ ಹಸೀನಾ ಬೇಗಂ ಊಟ ಮಾಡುತ್ತಿದ್ದವರು ಗಡಬಡಿಸಿ ಎದ್ದರು. ಅವರ ತಟ್ಟೆಯಲ್ಲೂ ಅದೇ ಕೆಂಪು ಕಡುಬು.

"ನೀವೂ ಇದನ್ನೇ ತಿಂತೀರಾ?"

"ದಿನಾ ಇದೇ ಅಣ್ಣ. ಮಾಡಿದ್ದು ಮಿಕ್ಕೋಗ್ತದಲ್ಲ," ಎಂದು ಅವರು ಸಂಕೋಚದಿಂದ ನಕ್ಕರು.

ರುಹಿ ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚುತ್ತ ಹೇಳಿದಳು: "ನಿಮ್ಮ ಮೇಲೆ ಬೇಜಾರಿಲ್ಲ ಸಾರ್. ನೀವು ಬಂದು ನೋಡಿದ್ರಿ. ಕೊಬ್ಬರಿ ಮಂಡಿಯೋರು ಯಾರೋ, 'ಕೋಳಿ ಬಾಣಲೀಲೇ ತರಕಾರಿ ಹುರೀತಾರೆ, ನಾನೇ ಕಣ್ಣಾರೆ ಕಂಡಿದೀನಿ' ಅಂದ್ರಂತೆ. ಅವತ್ತಿಂದ ಜನ ಮೆಟ್ಲು ಹತ್ತೋದೇ ಬಿಟ್ರು. ಅವರು ಯಾವತ್ತು ಬಂದಿದ್ರು, ಏನು ಕಂಡ್ರು ಅಂತ ಯೋಚಿಸಿ ಯೋಚಿಸಿ ಸಾಕಾಯ್ತು."

ಗಂಗಾಧರ ಬೆರಳಿನ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ. ಮಾರುಕಟ್ಟೆಯ ಟೀ ಅಂಗಡಿಯಲ್ಲಿ ಹೀಗೇ ಮಾತು ನಡೆದಿತ್ತು. ಯಾರೋ ಯಾರಿಂದಲೋ ಕೇಳಿದ್ದನ್ನು ಹೇಳಿದ್ದರು, ಇನ್ನೊಬ್ಬರು ನಂಬಿರಲಿಲ್ಲ. ವಾದ ಗೆಲ್ಲುವ ಹುಮ್ಮಸ್ಸಿನಲ್ಲಿ, "ನಾನೇ ಕಣ್ಣಾರೆ ಕಂಡಿದೀನಿ" ಎಂದವನು ಅವನೇ. ಆಗಿನ್ನೂ ಈ ಮಹಡಿಯ ಮೆಟ್ಟಿಲನ್ನೂ ಅವನು ತುಳಿದಿರಲಿಲ್ಲ.

"ಹೋಗ್ಲಿ ಬುಡು," ಎಂದು ಹಸೀನಾ ಬೇಗಂ ಮಗಳನ್ನು ಸಮಾಧಾನಪಡಿಸಿದರು. "ಅವ್ರಿಗೂ ಮಕ್ಳಿರ್ತಾರೆ."

ಅವನು ತಿರುಗಿ ಬಂದು ಕುಳಿತ.

"ಏನಿತ್ರೀ ಒಳಗೆ?" ಶಿಲ್ಪ ಕೇಳಿದಳು.

"ಚೊಕ್ಕಟವಾಗೈತೆ," ಎಂದಷ್ಟೇ ಹೇಳಿ ತಟ್ಟೆಗೆ ಕೈ ಹಾಕಿದ. ಖಾರ ನೆತ್ತಿಗೇರಿತು. ಆದರೂ ಒಂದು ತುಂಡನ್ನೂ ಬಿಡಲಿಲ್ಲ. ಅಪ್ಪನಿಗೆ ರುಚಿ ಹತ್ತಿತೆಂದು ಯೋಗಿತಾ ಹಿಗ್ಗಿದಳು.

ಊಟ ಮುಗಿಸಿ ಕೆಳಗಿಳಿದರೆ, ಬೀಜದಂಗಡಿಯ ಮುಂದೆ ಪಕ್ಕದ ಮಂಡಿಯ ಸಣ್ಣತಿಮ್ಮಯ್ಯ ನಾಲ್ಕೈದು ಜನರ ಜೊತೆ ನಿಂತಿದ್ದ.

"ಏನ್ಲಾ ಗಂಗಾಧರ, ಹೆಂಡ್ತಿ ಮಕ್ಳನ್ನೂ ಕರ್ಕೊಂಡು ಇಲ್ಲಿಗೆ ಬಂದಿದೀಯ? ಕಣ್ಣಾರೆ ಕಂಡೋನು ನೀನೇ ಅಲ್ವೇನ್ಲಾ?"

ಯೋಗಿತಾ ಅಪ್ಪನ ಮುಖ ನೋಡಿದಳು. ಅವಳ ಮುಖದಲ್ಲಿದ್ದ ನಗು ಮೆಲ್ಲಗೆ ಆರಿತು. ಗಂಗಾಧರ ಏನೋ ತಮಾಷೆ ಮಾಡಿ ಜಾರಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಅಂಥ ಮಾತು ಬಂದೂ ಇತ್ತು.

"ಕಂಡಿರ್ಲಿಲ್ಲ ಕಣ್ಲಾ," ಎಂದ ಗಂಗಾಧರ, ಎಲ್ಲರಿಗೂ ಕೇಳುವಂತೆ. "ಸುಳ್ಳು ಹೇಳಿದ್ದೆ. ಅಡುಗೆಮನೆ ನೋಡಿದ್ದು ಇವತ್ತೇ."

ಸಣ್ಣತಿಮ್ಮಯ್ಯ ತಲೆ ಕೆರೆದುಕೊಂಡ. "ನಿನ್ ಮಾತು ಕೇಳಿ ನಾನು ಊರಿಗೆಲ್ಲಾ ಹೇಳ್ಕೊಂಡು ಬಂದ್ನಲ್ಲೋ."

"ಹಂಗಾದ್ರೆ ನೀನೂ ನನ್ ಜೊತೆ ಮೇಲಕ್ಕೆ ಬಾ, ನೋಡು."

"ಈಗ ತಾನೇ ಇಳ್ದು ಬಂದ್ಯಲ್ಲ, ಮತ್ತೆ ನೀನ್ಯಾಕೆ?"

"ಆ ತಾಯಿ ಮಗಳಿಗೂ ಈ ಮಾತು ಹೇಳ್ಬೇಕು," ಎಂದ ಗಂಗಾಧರ.

ಮೊದಲ ಮೆಟ್ಟಿಲ ಬಳಿ ಅವನು ನಿಂತುಬಿಟ್ಟ. ಯೋಗಿತಾ ಬಂದು ಅವನ ತೋಳು ಹಿಡಿದುಕೊಂಡಳು. ಅಪ್ಪ ಮಗಳು ಮೆಟ್ಟಿಲು ಹತ್ತತೊಡಗಿದರು.