ಮೂರು ತಾಸಿನ ದಾರಿ

ಮಸ್ಕತ್ತಿನ ಮುಖ ಕಾಣದೆ ಮಸ್ಕತ್ ಬಗ್ಗೆ ಬರೆದ ಮಹಾನುಭಾವ ನಾನು. ವಿಲೆ ಪಾರ್ಲೆಯಲ್ಲಿ ಗಲ್ಫ್ ದೇಶಗಳಿಗೆ ಕೆಲಸದವರನ್ನು ಕಳಿಸುವ ಒಂದು ಏಜೆನ್ಸಿಯಲ್ಲಿ ಟೈಪಿಸ್ಟ್ ಆಗಿದ್ದೆ. ೧೯೮೬ರಲ್ಲಿ ಸೇಠ್ ಒಂದು ಇಂಗ್ಲಿಷ್ ಹಾಳೆ ಕೊಟ್ಟು, ಅಲ್ಲಿಗೆ ಹೊರಟವರು ತಿಳಿದಿರಬೇಕಾದ್ದನ್ನು ಕನ್ನಡದಲ್ಲಿ ಬರೆಯಲು ಹೇಳಿದರು. ಒಂದು ರಿಯಾಲಿಗೆ ಸಾವಿರ ಬೈಸಾ. ಶುಕ್ರವಾರ ರಜೆ. ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ವಿಮಾನದಲ್ಲಿ ಮೂರು ಗಂಟೆಯ ದಾರಿ. ಮೈಸೂರಿನವನ ಕನ್ನಡ ಎಂಬ ಕೊಬ್ಬು ಬೇರೆ ನನಗೆ. ಚೆನ್ನಾಗಿಯೇ ಬರೆದೆ.

ಕೊನೆಯ ಸಾಲು ಹೀಗಿತ್ತು: ಪಾಸ್‌ಪೋರ್ಟ್ ಯಜಮಾನರ ಬಳಿ ಇರುತ್ತದೆ, ಎರಡು ವರ್ಷ ಮುಗಿಯುವ ತನಕ ಅವರ ಒಪ್ಪಿಗೆಯಿಲ್ಲದೆ ಊರಿಗೆ ಬರುವಂತಿಲ್ಲ, ಮನೆಯಲ್ಲಿ ಸಾವಾದರೂ.

"ಯೇ ಲೈನ್ ಛೋಡ್ ದೋ, ಜಯಸಿಂಹ," ಎಂದರು ಸೇಠ್. ಓದಿದರೆ ಜನ ಹೆದರುತ್ತಾರಂತೆ. ಬಿಟ್ಟೆ. ಬಿಡುವಾಗ ಎರಡು ಸಲ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಲೋಕಲ್ ರೈಲು ತಪ್ಪೀತೆಂಬ ಅವಸರದಲ್ಲಿದ್ದೆ.

ಭಾಂಡುಪ್‌ನ ನಮ್ಮ ಚಾಳಿನಲ್ಲಿ ಎರಡು ಖೋಲಿಯ ಆಚೆ ವಿಜಾಪುರದ ಕಡೆಯ ದಾನವ್ವ ಇದ್ದಳು. ಗಂಡ ತೀರಿಕೊಂಡಿದ್ದ. ಅವಳಿಗೆ ತಾಯಿ ಚನ್ನವ್ವ, ಚನ್ನವ್ವನಿಗೆ ಅವಳು, ಅಷ್ಟೇ. ಮಸ್ಕತ್‌ನಲ್ಲಿ ಮನೆಗೆಲಸ ಸಿಕ್ಕಿತ್ತು. ಮುದುಕಿ ಮಾತ್ರ ಹೋಗಬೇಡವೆಂದು ಹಟ ಹಿಡಿದಿದ್ದಳು. ಒಂದು ಭಾನುವಾರ ತಾಯಿ ಮಗಳಿಬ್ಬರೂ ನಾನು ಬರೆದ ಹಾಳೆ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಇಬ್ಬರಿಗೂ ಓದು ಬಾರದು. ಪೂರ್ತಿ ಓದಿ ಹೇಳಿದೆ.

"ಎಲ್ಲಾ ತಿಳೀತ್ರೀ ಅಣ್ಣಾರ," ಎಂದಳು ದಾನವ್ವ. "ನಮ್ಮವ್ವಗ ಏನರ ಆತಂದ್ರ ಬರಾಕ ಬಿಡ್ತಾರೇನ್ರಿ?"

ನನ್ನ ಹೆಂಡತಿ ವಿಮಲಾ ಒಲೆಯ ಮುಂದಿನಿಂದ ತಿರುಗಿ ನನ್ನ ಮುಖ ನೋಡಿದಳು. ಬಿಟ್ಟ ಸಾಲಿನ ವಿಷಯ ಅವಳಿಗೆ ಗೊತ್ತಿತ್ತು. ಹೇಳಿದರೆ ಸೇಠ್ ಕಿವಿಗೆ ಬಿದ್ದೀತು, ಕೆಲಸ ಹೋದೀತು. ಹಾಳೆಯ ಮೇಲೆ ಬೆರಳಿಟ್ಟು, "ಮೂರೇ ಗಂಟೆ ದಾರಿ ಕಣಮ್ಮ," ಎಂದೆ. ಅದೇನು ಸುಳ್ಳೇ?

"ಮೂರು ತಾಸಂದ್ರ ನಮ್ಮೂರಿಗಿಂತ ಸನೇ ಆತಲ್ಲಬೇ!" ದಾನವ್ವ ತಾಯಿಯ ಕಡೆ ತಿರುಗಿ ನಕ್ಕಳು.

"ಹಂಗಾದ್ರ ಹೋಗಿ ಬಾ," ಎಂದಳು ಚನ್ನವ್ವ.

ದಾನವ್ವ ಹೋದ ಎಂಟು ತಿಂಗಳಿಗೆ ಚನ್ನವ್ವ ಜ್ವರ ಹಿಡಿದು ಮಲಗಿದಳು. ಡಾಕ್ಟರು ಮಗಳನ್ನು ಕರೆಸಿ ಎಂದರು. ಮಸ್ಕತ್ತಿನ ಯಜಮಾನರಿಗೆ ತಂತಿ ಕೊಟ್ಟೆ. ನಾಲ್ಕನೆಯ ದಿನ ಉತ್ತರ ಬಂತು: ಕರಾರು ಮುಗಿಯಲು ಹದಿನಾರು ತಿಂಗಳಿದೆ, ಕಳಿಸಲಾಗದು. ಸೇಠ್ ಬಳಿ ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಅವರು ನನ್ನ ಕಡೆ ನೋಡದೆ ಬೇರೆ ಯಾರಿಗೋ ಫೋನು ತಿರುಗಿಸುತ್ತ ಕೂತರು. ನಾನು ಪಾಪಿ ಎಂದು ಅವತ್ತು ನನಗೆ ಅರ್ಥವಾಯಿತು.

ಮರುದಿನ ಮಧ್ಯಾಹ್ನ ಒಂದರ ಹೊತ್ತಿಗೆ ವಿಮಲಾ ಗಂಜಿ ಕುಡಿಸುತ್ತಿದ್ದಾಗ ಮುದುಕಿ ಕಣ್ಣು ಬಿಟ್ಟಳು.

"ತಮ್ಮಾ, ತಾರು ಮುಟ್ಟೇತೇನು?"

"ಮುಟ್ಟಿದೆ ಚನ್ನವ್ವ."

"ಹೊಂಟಾಳ?"

ವಿಮಲಾ ತಲೆ ತಗ್ಗಿಸಿದಳು. "ಹೊರಟಿದ್ದಾಳೆ," ಎಂದೆ.

ಚನ್ನವ್ವ ಗಂಜಿ ಬೇಡವೆಂದಳು. ತಲೆ ಬಾಚಿಸಿಕೊಂಡಳು. ಮಗಳಿಗೆ ಅಕ್ಕಿ ಹಾಕಿಡಲು ವಿಮಲಾಗೆ ಹೇಳಿದಳು. ಆಮೇಲೆ ನನ್ನ ಕೈಗಡಿಯಾರದ ಮೇಲೇ ಕಣ್ಣು.

"ಎಷ್ಟು ತಾಸಾತು?"

"ಒಂದು."

ಲೋಕಲ್‌ಗಳು ಹೋದವು, ಬಂದವು. "ಈಗ?"

"ಎರಡು."

"ಇನ್ನೊಂದ ಐತಿ. ಬಾಗಲಾ ತಗದಿಡು ತಮ್ಮಾ. ಬಂದಕೂಡ್ಲೆ ನನ್ನ ಎಬ್ಬಸು."

ಎದ್ದು ಬಾಗಿಲು ತೆರೆದಿಟ್ಟೆ. ನಾಲ್ಕು ಗಂಟೆಗೆ ಅವಳ ಉಸಿರು ನಿಂತಿತು. ಮಸ್ಕತ್‌ನಲ್ಲಿ ಆಗ ಎರಡೂವರೆ. ದಾನವ್ವ ಯಾರದೋ ಮನೆಯ ಪಾತ್ರೆ ತೊಳೆಯುತ್ತಿದ್ದಿರಬೇಕು.