ಬಾಗಿಲ ಹೊರಗಿನ ಬೂಟು

ಬಾಗಿಲ ಬೆಲ್ ಒಂದೇ ಸಲ ಕೂಗಿ ಸುಮ್ಮನಾಯಿತು. ಬರೆಯುತ್ತಿದ್ದ ಶೈಲಶ್ರೀ ಪೆನ್ನು ಎತ್ತಿ ಹಿಡಿದವಳು ಹಾಗೇ ಕೂತಳು.

“ಮೊದಲನೇ ಬೆಲ್ಲಿಗೆ ಏಳಬ್ಯಾಡ್ರಿ ಅಕ್ಕಾರ” ಎಂದು ಪಾಠ ಹೇಳಿಕೊಟ್ಟವನು ಪರಸಪ್ಪ. ಜಾತಿ, ದೇವರು, ದೆವ್ವ ಅಂತ ಆಕೆ ಬರೆದದ್ದಕ್ಕೆ, ದಾಂಡೇಲಿಯಿಂದ ಮುಂಡಗೋಡದವರೆಗೆ ಸಭೆ ಸಭೆಗಳಲ್ಲಿ ಮಾತಾಡಿದ್ದಕ್ಕೆ ಕೊಲ್ಲುತ್ತೇವೆಂಬ ಬೆದರಿಕೆ ಬಂದಾಗ ಸರಕಾರ ಕಳಿಸಿದ್ದ ಗನ್‌ಮ್ಯಾನ್. ಕೊರಳಲ್ಲಿ ಎಲ್ಲಮ್ಮನ ತಾಯಿತ, ಸೊಂಟದಲ್ಲಿ ಪಿಸ್ತೂಲು. “ದೇವರಿಲ್ಲ ಅನ್ನೋ ಬಾಯಾರನ್ನ ಕಾಯಾಕ ದೇವರ ನನ್ನ ಕಳಿಸ್ಯಾನ ನೋಡ್ರಿ” ಎಂದು ನಗಿಸುತ್ತ, ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅಪಾಯ ಕಳೆಯಿತೆಂದು ಅವನನ್ನು ವಾಪಸ್ ಕರೆಸಿಕೊಂಡಿದ್ದರು. ಕಳೆದದ್ದು ಕಾಗದದ ಮೇಲೆ. ಆಕೆಯ ಕಿವಿಗೆ ಅದು ಇನ್ನೂ ತಿಳಿದಿರಲಿಲ್ಲ. ಪರಸಪ್ಪನಿಗೂ ತಿಳಿದಿರಲಿಲ್ಲವೇನೋ, ದಿನಾ ದೀಪ ಹಚ್ಚುವ ಹೊತ್ತಿಗೆ ಫೋನು ಮಾಡಿ “ಬಾಗಲಾ ಹಾಕೀರಿಲ್ರಿ?” ಎಂದು ಕೇಳುತ್ತಿದ್ದ.

“ನಿಮ್ಮ ಮಂದಿ ಆದ್ರ ಇನ್ನೊಮ್ಮೆ ಬಾರಿಸ್ತಾರ, ಹೆಸರು ಹಿಡದು ಕೂಗ್ತಾರ. ಕೊಲ್ಲಾಕ ಬಂದಾಂವ ಒಮ್ಮೆ ಬಾರಿಸಿ ಸುಮ್ನ ನಿಂದರತಾನ. ಬಾಗಲದ ಕೆಳಗಿನ ಸಂದ್ಯಾಗ ಕಾಲು ನೋಡ್ರಿ” ಎಂದೂ ಅವನು ಹೇಳಿಕೊಟ್ಟಿದ್ದ.

ಆಕೆ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು. ಗಂಡಸರ ಕರಿ ಬೂಟು. ಕೆಂಪು ರಾಡಿ ಮೆತ್ತಿತ್ತು. ಮಿಸುಕಾಡದೆ ನಿಂತಿತ್ತು. ಒಳಗೆ ಹಾಲು ಉಕ್ಕಿ ಒಲೆಗೆ ಸುರಿಯಿತು, ಏಳಲಿಲ್ಲ. ಕೊನೆಗೆ ಬೂಟು ಹಿಂದಿರುಗಿ, ಮೆಟ್ಟಿಲಿಳಿದು, ಓಣಿ ಹಿಡಿದು ಹೋಯಿತು.

ಉಸಿರು ಹದಕ್ಕೆ ಬಂದಮೇಲೆ ಚಿಲಕ ತೆಗೆದಳು. ಹೊಸ್ತಿಲ ಕೆಳಗೆ ರಕ್ತ. ಬಗ್ಗಿ ನೋಡಿದರೆ ಪಕ್ಕದಲ್ಲೇ ಒಂದು ಇಂಬಳ, ಕಾಡಿನ ಜಿಗಣೆ, ಕುಡಿದು ಕುಡಿದು ದ್ರಾಕ್ಷಿಯಂತೆ ಉಬ್ಬಿ ಉರುಳಿಬಿದ್ದಿತ್ತು. ಜೋಯಿಡಾ ಕಡೆಯ ಕಾಡು ತುಳಿದು ಬಂದವರ ಕಾಲಿನದು. ಕೊಲ್ಲುವವನು ಕಾಡು ನಡೆದು ಯಾಕೆ ಬಂದಾನು?

ಎದುರು ಮನೆಯ ಕಟ್ಟೆಯ ಮೇಲೆ, ಮೆಕ್ಯಾನಿಕ್ ರಾಜೇಸಾಬನ ಹೆಂಡತಿ ಸಕೀನಾ ಅಕ್ಕಿ ಆರಿಸುತ್ತಿದ್ದಳು.

“ಏನಕ್ಕಾ, ಮನ್ಯಾಗ ಇದ್ದೂ ಬಾಗಲಾ ತಗೀಲಿಲ್ಲಲ್ಲ! ಅಷ್ಟು ದೊಡ್ಡದು ಏನು ಬರಿಯಾಕತ್ತಿದ್ದಿ?”

“ಯಾರು ಬಂದಿದ್ರು?”

“ಒಂದು ಹುಡುಗಿ. ಹೆಗಲಿಗೆ ಸಾಲಿ ಚೀಲ, ಕಾಲಾಗ ಗಂಡಸರ ಬೂಟು. ಇದೇನವಾ ಅಂತ ನಕ್ಕೆ. ಇಂಬಳ ಹತ್ತತಾವಂತ ಅಣ್ಣನ ಬೂಟು ಮೆಟ್ಟಿ ಬಂದೇನಿ ಅಂತು. ‘ಬಾಗಲಾ ಹಾಕದ ಬಾಯಾರ ಮನಿ ಯಾವುದ್ರಿ?’ ಅಂದ್ರ ನಿಂದ ತೋರಿಸಿದೆ.”

ಬಾಗಲಾ ಹಾಕದ ಬಾಯಾರು. ಬೆದರಿಕೆ ಬರುವ ಮೊದಲು ಜೋಯಿಡಾದ ಶಾಲೆಯೊಂದರಲ್ಲಿ ಹುಡುಗಿಯರ ಮುಂದೆ ಆಕೆಯೇ ಆಡಿದ್ದ ಮಾತು: ನಮ್ಮ ಮನಿ ಬಾಗಲಾ ಹಾಕೂದಿಲ್ಲ, ಯಾವ ಕಷ್ಟ ಬಂದ್ರೂ ಸೀದಾ ಒಳಗ ಬರ್ರಿ.

“ಹೊಳ್ಳಿ ಹೊಂಟಾಗ ಇನ್ನೊಮ್ಮೆ ಬಾರಿಸವಾ ಅಂದೆ. ‘ಒಮ್ಮೆ ಬಾರಿಸೇನ್ರಿ, ದೊಡ್ಡವರ ಮನಿ, ಮತ್ತ ಮತ್ತ ಬಾರಿಸಿದ್ರ ಚಲೋ ಕಾಣೂದಿಲ್ಲ’ ಅಂತು. ನಾಳೆ ಬಾ ಅಂದ್ರ, ನಾಳೆ ಲಗ್ನ ಐತಿ ಅಂತು.”

“ಯಾರ ಲಗ್ನ?”

ಸಕೀನಾಳ ಕೈ ಮೊರದಲ್ಲೇ ನಿಂತಿತು. “ಯಾ ಅಲ್ಲಾ. ಕೇಳ್ಲಿಲ್ಲಕ್ಕಾ. ಹೆಸರೂ ಕೇಳ್ಲಿಲ್ಲ.”

ರಾಜೇಸಾಬ ಗ್ಯಾರೇಜಿನಿಂದ ಬಂದವನೇ ಎಣ್ಣೆಗೈಯಲ್ಲೇ ಬೈಕು ಹೊರಡಿಸಿದ, ಶೈಲಶ್ರೀ ಹಿಂದೆ ಹತ್ತಿದಳು. ಜೋಯಿಡಾ ಬಸ್ಸನ್ನು ಅವರು ಹಿಡಿದದ್ದು ಜೋಯಿಡಾದಲ್ಲೇ. ಇಳಿದವರಲ್ಲಿ ಬೂಟಿನ ಹುಡುಗಿ ಇರಲಿಲ್ಲ.

“ನಡು ಅಡವ್ಯಾಗ ಕೈ ಮಾಡಿ ಇಳದ್ಲು ಬಾಯಾರ,” ಎಂದ ಕಂಡಕ್ಟರ್. “ಅಲ್ಲಿಂದ ಎಷ್ಟು ಕಾಲುಹಾದಿ ಒಡೀತಾವೋ ನನಗೇನು ಗೊತ್ತು?”

ಅಲ್ಲಿಗೂ ಹೋದರು. ಹಾದಿಗೊಂದರಂತೆ ಹೊಕ್ಕು ಕೂಗಿದರು. ಏನಂತ ಕೂಗುವುದು, ಹೆಸರೇ ಗೊತ್ತಿಲ್ಲದಾಗ? “ಏ ತಂಗೀ, ಏ ತಂಗೀ” ಅಂದಳು. ಮಕ್ಕಳ ಸಹಾಯವಾಣಿಗೆ ಫೋನು ಹಚ್ಚಿದರೆ ಅತ್ತಲಿನ ಹೆಂಗಸು ಪಾಪ ಸಮಾಧಾನದಿಂದಲೇ ಕೇಳಿದಳು: ಹುಡುಗಿ ಹೆಸರ್ರಿ? ಊರು? ತಂದಿ ಹೆಸರು? ಶೈಲಶ್ರೀಯ ಬಳಿ ಇದ್ದದ್ದು ಒಂದು ಜೊತೆ ಬೂಟಿನ ಗುರುತು ಮಾತ್ರ.

ದೀಪ ಹಚ್ಚುವ ಹೊತ್ತಿಗೆ ಪರಸಪ್ಪನ ಫೋನು ಬಂತು.

“ಬಾಗಲಾ ಹಾಕೀರಿಲ್ರಿ ಅಕ್ಕಾರ?”

“ತಗದೇನಿ.”

“ಎಲ್ಲಿ ಕುಂತೀರಿ?”

“ನಿನ್ನ ಕುರ್ಚ್ಯಾಗ. ಹೊರಗ.”

“ಮೊದ್ಲ ಬಲ್ಬ್ ಆರಸ್ರಿ! ಓಣಿ ತುದೀತನಕ ಕಾಣಸ್ತೀರಿ.”

“ಕಾಣಬೇಕಪಾ. ಕಾಣದಿದ್ರ ಆಕಿ ಹೊಳ್ಳಿ ಹೋಗ್ತಾಳ.”

“ಯಾರ್ರಿ ಆಕಿ?”

ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಬೂಟಿನ ಸಪ್ಪಳ. ಕಾಲುಗಳು ತಾವಾಗಿಯೇ ಒಳಗೋಡಲು ಎದ್ದವು. ಆಕೆ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತಳು. ಮಿಲ್ಲಿನ ಪಾಳಿ ಬಿಡುವ ಹೊತ್ತು. ಒಬ್ಬ ದಾಟಿ ಹೋದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತಿಬ್ಬರು. ಆಮೇಲೆ ಓಣಿ ಬರಿದಾಯಿತು. ಬರಿದಾದ ಓಣಿಯಲ್ಲಿ ಮತ್ತೆ ಒಂದೇ ಜೊತೆ ಬೂಟು, ನಿಧಾನ, ನಿಂತು ನಿಂತು.

“ಅಕ್ಕಾರ,” ಫೋನಿನಲ್ಲಿ ಪರಸಪ್ಪನ ದನಿ ಸಣ್ಣದಾಯಿತು, “ಆ ಸಪ್ಪಳ ಯಾರದು?”

“ಇನ್ನೂ ಗೊತ್ತಾಗವಲ್ದು,” ಎಂದಳು. ಏಳಲಿಲ್ಲ.